ಟ್ರಂಕಿನಲ್ಲಿ ಸಿಕ್ಕ ಇನ್‌ಲ್ಯಾಂಡ್ ಲೆಟರ್

ದೊಡ್ಡಪ್ಪ: (ಫೋಟೋ) ಅಪ್ಪನ ಟ್ರಂಕಿನಲ್ಲಿ ಸಿಕ್ಕಿತು. ಸುಬೇದಾರ್ ಮಾವ 1959ರ ಸೆಪ್ಟೆಂಬರ್‌ನಲ್ಲಿ ಬರೆದ ಕಾಗದ. ಆಗಿನ ಭೂಸೇನಾ ಮುಖ್ಯಸ್ಥ ಜನರಲ್ ತಿಮ್ಮಯ್ಯ ರಾಜೀನಾಮೆ ವಾಪಸ್ ತಗೊಂಡದ್ದು ತಪ್ಪು ಅಂತ ಆಗಲೇ ಬೈದಿದ್ದಾರೆ. ಇವತ್ತೇ ಫೇಸ್‌ಬುಕ್‌ಗೆ ಹಾಕುತ್ತೇನೆ.

ಅಣ್ಣ: ಯಾವ ರಾಜೀನಾಮೆ?

ದೊಡ್ಡಪ್ಪ: ಗೊತ್ತಿಲ್ವಾ? ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಜಗಳ. ಮೆನನ್‌ಗೆ ಬೇಕಾದ ಸೇನಾಧಿಕಾರಿ ಕೌಲ್‌ಗೆ ಬಡ್ತಿ ಕೊಟ್ಟದ್ದೂ ಅದಕ್ಕೊಂದು ಕಾರಣ. ಆಗಸ್ಟ್ 31ಕ್ಕೆ ತಿಮ್ಮಯ್ಯ ರಾಜೀನಾಮೆ ಕೊಟ್ಟರು. ನೆಹರೂ ಕರೆಸಿ ವಾಪಸ್ ತೆಗೆಸಿದರು. ಸೆಪ್ಟೆಂಬರ್ 2ಕ್ಕೆ ಲೋಕಸಭೆಯಲ್ಲಿ ಅದೇನು ದೊಡ್ಡ ವಿಷಯವೇ ಅಲ್ಲ ಅಂದರು! ಅದಕ್ಕೆ ವಾರದ ಹಿಂದಷ್ಟೇ ಈಶಾನ್ಯ ಗಡಿಯ ಲಾಂಗ್‌ಜುನಲ್ಲಿ ಚೀನಾದವರು ಗುಂಡು ಹಾರಿಸಿದ್ದರು. ಅವತ್ತು ತಿಮ್ಮಯ್ಯ ಗಟ್ಟಿಯಾಗಿ ನಿಂತಿದ್ದರೆ 1962ರ ಚೀನಾ ಯುದ್ಧ ಆಗುತ್ತಲೇ ಇರಲಿಲ್ಲ.

ಚಿಕ್ಕಪ್ಪ: ಒಂದು ರಾಜೀನಾಮೆಯಿಂದ ಯುದ್ಧ ನಿಲ್ಲುತ್ತಿತ್ತಾ? ಬೂಟು, ಬಂದೂಕು, ರಸ್ತೆ ಎಲ್ಲಿಂದ ಬರುತ್ತಿತ್ತು? ಅದೂ ಅಲ್ಲದೆ 1958ರ ಅಕ್ಟೋಬರ್‌ನಲ್ಲಿ ಪಕ್ಕದ ಪಾಕಿಸ್ತಾನದಲ್ಲೇ ಸೇನಾ ಮುಖ್ಯಸ್ಥ ಅಯೂಬ್ ಖಾನ್ ಗದ್ದುಗೆ ಹಿಡಿದಿದ್ದ. ಜನರಲ್ ಪ್ರಧಾನಿಗೆ ಪಟ್ಟು ಹಾಕಿದರೆ ದಿಲ್ಲಿಯಲ್ಲಿ ಹೇಗೆ ಕಾಣುತ್ತಿತ್ತು, ಯೋಚನೆ ಮಾಡು.

ದೊಡ್ಡಪ್ಪ: ತಿಮ್ಮಯ್ಯ ಅಂಥವರಲ್ಲ! 1961ರ ಮೇನಲ್ಲಿ ಸುಮ್ನೆ ನಿವೃತ್ತಿಯಾಗಿ ಹೋದರು.

ಚಿಕ್ಕಪ್ಪ: ನಾನೂ ಅದೇ ಹೇಳ್ತಿರೋದು. ವಾಪಸ್ ತಗೊಂಡದ್ದು ಹೇಡಿತನ ಅಲ್ಲ.

(ಇಬ್ಬರೂ ಒಂದೇ ಮಾತು ಹೇಳುತ್ತಾ ಹದಿನೈದು ನಿಮಿಷ ಕಿತ್ತಾಡಿದರು. ನಮ್ಮ ಮನೆಯಲ್ಲಿ ಇದು ಮಾಮೂಲು.)

ನಾನು: ದೊಡ್ಡಪ್ಪ, ಸುಬೇದಾರ್ ಅಜ್ಜ ಆಗ ಸರ್ವಿಸ್‌ನಲ್ಲಿದ್ದರಲ್ವಾ? ಜನರಲ್‌ಗಳ ಬಗ್ಗೆ ಹೀಗೆ ಬರೆದದ್ದು ಯಾರ ಕೈಗಾದರೂ ಸಿಕ್ಕಿದ್ದರೆ ಅವರ ಗತಿ ಏನು? ನಮ್ಮಜ್ಜ ಪೆನ್ಷನ್ ಬಂದ ಹಳೇ ಗೆಳೆಯ ಅಂತ ನಂಬಿ ಬರೆದದ್ದು. ಕೌಲ್‌ಗೆ ಬೈದಿರುವ ಸಾಲು ನಾನಂತೂ ಜೋರಾಗಿ ಓದಲಾರೆ.

ದೊಡ್ಡಪ್ಪ: ಅರವತ್ತು ವರ್ಷ ದಾಟಿತು. ಈಗ ಇತಿಹಾಸ ಅದು.

ಅತ್ತೆ: ಅವರ ಮಗಳು ಇನ್ನೂ ಇದ್ದಾಳೆ ಅಣ್ಣ. ಕೇಳದೆ ಹಾಕಬೇಡ. ಕಾಗದದ ಹಿಂಬದಿಯನ್ನೂ ತೆಗೆದು ಕಳಿಸು.

ದೊಡ್ಡಪ್ಪ: (ಫೋಟೋ)

ಅಣ್ಣ: "ಓದಿ ಒಲೆಗೆ ಹಾಕು" ಅಂತ ಬರೆದಿದ್ದಾರೆ! ಕೆಳಗೆ ಪೆನ್ಸಿಲ್‌ನಲ್ಲಿ ಏನೋ ಲೆಕ್ಕ ಇದೆ. ಮೂರು ಪಾವು, ಎರಡು ಪಾವು...

ಅತ್ತೆ: ಅಮ್ಮನಿಗೆ ತೋರಿಸಿದೆ. ನಗುತ್ತಿದ್ದಾಳೆ. "ಒಲೆಗೆ ಹಾಕು ಅಂತ ನನ್ನ ಕೈಗೇ ಕೊಟ್ಟಿದ್ದರು. ಹಾಲಿನ ಲೆಕ್ಕ ಬರೆಯೋಕೆ ಜಾಗ ಇತ್ತು, ಇಟ್ಟುಕೊಂಡೆ" ಅಂತಾಳೆ.

ದೊಡ್ಡಪ್ಪ: ಸರಿ. ಆ ಮಗಳ ನಂಬರ್ ಕಳಿಸು.