ಬೀಡಿ ಬಿಡಿ ಅಂದರೆ "ಆಯ್ತು ಸಿಸ್ಟರ್" ಅಂತಾರೆ, ಬಿಡುವುದಿಲ್ಲ. ಉಪಕೇಂದ್ರದಲ್ಲಿ ಇನ್ನೇನು ಮಾಡಬಹುದು?

ಬಯಲುಸೀಮೆ_ಸಿಎಚ್‌ಒ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಯಲುಸೀಮೆಯ ಒಂದು ಹಳ್ಳಿಯ ಉಪಕೇಂದ್ರದಲ್ಲಿ ಸಿಎಚ್‌ಒ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ. ಬೋರ್ಡಿನಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಇದೆ, ಊರವರಿಗೆ ಮಾತ್ರ ಈಗಲೂ "ನರ್ಸಮ್ಮನ ಆಸ್ಪತ್ರೆ". 30 ವರ್ಷ ದಾಟಿದವರಿಗೆಲ್ಲ ಬಿಪಿ, ಶುಗರ್ ನೋಡುತ್ತೇವೆ. ಆಶಾ ಅಕ್ಕಂದಿರು ಮನೆಮನೆಗೆ ಹೋಗಿ ಸಿಬ್ಯಾಕ್ ಫಾರಂ (ಇಂಥ ಕಾಯಿಲೆಗಳ ಅಪಾಯ ಎಷ್ಟಿದೆ ಅಂತ ಅಂಕ ಹಾಕಿ ನೋಡುವ ಫಾರಂ) ತುಂಬುತ್ತಾರೆ. ಅದರಲ್ಲಿ ಬೀಡಿ, ಸಿಗರೇಟು, ಹೊಗೆಸೊಪ್ಪಿನ ಅಭ್ಯಾಸ ಇದೆಯಾ ಅಂತ ಒಂದು ಪ್ರಶ್ನೆ. ದಿನಾ ಇದ್ದರೆ 2 ಅಂಕ. ಸರಿ, ಅಂಕ ಹಾಕಿದ್ದಾಯ್ತು. ಆಮೇಲೇನು?

ನಾನು ಬಂದು ಎಂಟು ತಿಂಗಳಾಯ್ತು. ಸೇದುವವರಿಗೆಲ್ಲ ಬಿಡಿ ಅಂತ ಹೇಳಿದ್ದೇನೆ, ಕ್ಯಾನ್ಸರ್ ಚಿತ್ರ ತೋರಿಸಿದ್ದೇನೆ, ಗದರಿಸಿಯೂ ನೋಡಿದ್ದೇನೆ. "ಆಯ್ತು ಸಿಸ್ಟರ್" ಅಂತ ತಲೆ ಆಡಿಸುತ್ತಾರೆ, ಹೊರಗೆ ಹೋಗಿ ಬೇವಿನ ಮರದ ಕೆಳಗೆ ಹಚ್ಚುತ್ತಾರೆ. ಕಿಟಕಿಯಿಂದ ನನಗೆ ಕಾಣುತ್ತದೆ!

ಒಬ್ಬರು ಅಜ್ಜ ಇದ್ದಾರೆ, 60ರ ಹತ್ತಿರ. ಬಿಪಿ 160ರ ಮೇಲೆ, ದಿನಕ್ಕೆ ಎರಡು ಕಟ್ಟು ಬೀಡಿ. ಮಾತ್ರೆಗೆ ತಪ್ಪದೆ ಬರುತ್ತಾರೆ. ಬೀಡಿ ಮಾತು ಎತ್ತಿದರೆ "ಬೆಳಗ್ಗೆ ಒಂದು ಸೇದದಿದ್ರೆ ಹೊಟ್ಟೆ ಸಾಫ್ ಆಗಲ್ಲ ಕಣವ್ವ" ಅನ್ನುತ್ತಾರೆ. ಇದಕ್ಕೆ ಏನು ಹೇಳುವುದು? ಬೀಡಿ ಬಿಡಲು ಅಗಿಯುವ ನಿಕೋಟಿನ್ ಗಮ್ ನಮ್ಮಲ್ಲಿ ಇಲ್ಲ. ಜಿಲ್ಲಾ ಆಸ್ಪತ್ರೆಗೆ ಹೋಗಿ ಅಂದರೆ ಎರಡು ಬಸ್ಸು, ಒಂದು ದಿನದ ಕೂಲಿ ಹೋಗುತ್ತದೆ, ಯಾರೂ ಹೋಗುವುದಿಲ್ಲ. ಒಬ್ಬಳೇ ಕೂತು ದಿನಕ್ಕೆ ಮೂವತ್ತು ನಲವತ್ತು ಜನರನ್ನು ನೋಡುವ ಜಾಗದಲ್ಲಿ ನಿಜವಾಗಿ ಕೆಲಸ ಮಾಡುವಂಥದ್ದು ಏನಾದರೂ ಇದೆಯಾ, ಅಥವಾ ಸುಮ್ನೆ ಹೇಳಿ ರಿಜಿಸ್ಟರ್ ತುಂಬುವುದಷ್ಟೇನಾ?

ಪಿಎಚ್‌ಸಿ_ಡಾಕ್ಟ್ರು:

ಮೇಡಂ, ನಾನೂ ಹತ್ತು ವರ್ಷ ಇದೇ ಮಾಡಿದ್ದೇನೆ. ಬೈಯುವುದು, ಚಿತ್ರ ತೋರಿಸುವುದು. ಬೀಡಿ ಕೆಟ್ಟದ್ದು ಅಂತ ಗೊತ್ತಿಲ್ಲದವರು ನಿಮ್ಮ ಊರಲ್ಲಿ ಒಬ್ಬರೂ ಇರಲಿಕ್ಕಿಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸೇದುವವರ ಪೈಕಿ 55% ಜನ ಬಿಡುವ ಯೋಚನೆ ಇದೆ ಅಂದಿದ್ದಾರೆ. ಅಂದರೆ ನಿಮ್ಮ ಮುಂದೆ ಕೂತವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮನಸ್ಸಲ್ಲಿ ಆಗಲೇ ಒಂದು ಕಾಲು ಹೊರಗೆ ಇಟ್ಟಿದ್ದಾರೆ. ನಾವು ಬೈದು ಆ ಕಾಲನ್ನು ಒಳಗೆ ಎಳೆಸುತ್ತೇವೆ, ಅಷ್ಟೇ.

ಗಮ್ ಇಲ್ಲದೆ ಆಗುತ್ತದಾ ಅಂದಿರಲ್ಲ, ಅದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಪಾಕಿಸ್ತಾನದ ಝಂಗ್ ಮತ್ತು ಸರ್ಗೋಧಾ ಜಿಲ್ಲೆಗಳ 33 ಆರೋಗ್ಯ ಕೇಂದ್ರಗಳಲ್ಲಿ ಒಂದು ಅಧ್ಯಯನ ನಡೆಯಿತು, 2013ರಲ್ಲಿ ಪ್ರಕಟವಾಯಿತು. ನಮ್ಮಂಥದ್ದೇ ಊರು, ನಮ್ಮಂಥದ್ದೇ ಕೇಂದ್ರ. ಕೆಮ್ಮು ಅಂತ ಬಂದು ಟಿಬಿ ಅನುಮಾನ ಇದ್ದ 1,955 ಸೇದುವವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕರಪತ್ರ ಕೊಟ್ಟು ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಕೂರಿಸಿಕೊಂಡು ಎರಡು ಸಲ ಮಾತು. ಮೂರನೆಯದಕ್ಕೆ ಮಾತಿನ ಜೊತೆ ಸೇದುವ ಆಸೆ ತಗ್ಗಿಸುವ ಬುಪ್ರೊಪಿಯಾನ್ ಮಾತ್ರೆ. ಆರು ತಿಂಗಳು ಪೂರ್ತಿ ಬಿಟ್ಟವರು ಕರಪತ್ರದ ಗುಂಪಿನಲ್ಲಿ 8.5%, ಬರೀ ಮಾತಿನ ಗುಂಪಿನಲ್ಲಿ 41%, ಮಾತ್ರೆಯೂ ಸೇರಿದ ಗುಂಪಿನಲ್ಲಿ 45%. ಮಾತ್ರೆಯಿಂದ ಜಾಸ್ತಿ ಆಗಿದ್ದು ಸ್ವಲ್ಪವೇ. ಬಹುಪಾಲು ಕೆಲಸ ಮಾಡಿದ್ದು ಮಾತು. (ಅವರು ಕೆಮ್ಮಿ ಹೆದರಿ ಬಂದಿದ್ದವರು ಅನ್ನುವುದನ್ನು ಮರೆಯಬೇಡಿ. ಬಿಪಿ ಮಾತ್ರೆಗೆ ಬರುವವರಿಗೆ ಆ ಹೆದರಿಕೆ ಇರುವುದಿಲ್ಲ, ನಿಮಗೆ 41% ಬರದಿದ್ದರೆ ನನ್ನನ್ನು ಬೈಯಬೇಡಿ.)

ಆ ಎರಡು ಭೇಟಿಯಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಮೊದಲ ಸಲ ಬಿಡುವ ದಿನ ಗೊತ್ತು ಮಾಡುವುದು, ಎರಡನೇ ಸಲ ಆ ದಿನ ಮತ್ತೆ ಮುಖ ನೋಡುವುದು. ನಾನು ಈಗ ಮೊದಲು ಕೇಳುವುದು ಒಂದೇ ಪ್ರಶ್ನೆ: "ಬೆಳಗ್ಗೆ ಎದ್ದ ಮೇಲೆ ಮೊದಲ ಬೀಡಿ ಎಷ್ಟು ಹೊತ್ತಿಗೆ?" ಅರ್ಧ ಗಂಟೆಯೊಳಗೆ ಅಂದರೆ ಚಟ ಗಟ್ಟಿಯಾಗಿದೆ ಅಂತ ಅರ್ಥ. ಬರೀ ಮಾತಿಗೆ ಬಗ್ಗುವುದು ಕಷ್ಟ, ಗಮ್ಮೋ ಮಾತ್ರೆಯೋ ಬೇಕಾಗಬಹುದು. ಟೀ ಆದ ಮೇಲೆ, ಹೊಲಕ್ಕೆ ಹೋದ ಮೇಲೆ ಅಂದರೆ ನಿಮ್ಮ ಕೆಲಸ ಹಗುರ.

ಅಜ್ಜನ ಹೊಟ್ಟೆ ವಿಷಯ ನೆಪ ಅಂತ ತಿಳಿಯಬೇಡಿ. ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ, ಬಿಟ್ಟಾಗ ಕೆಲವರಿಗೆ ಮಲಬದ್ಧತೆ ಆಗುವುದು ನಿಜ. ಅದನ್ನೇ ಹೇಳಿ: "ಹೌದಜ್ಜ, ಎರಡು ಮೂರು ವಾರ ಹಾಗಾಗಬಹುದು, ಎದ್ದ ತಕ್ಷಣ ಎರಡು ಲೋಟ ಬಿಸಿನೀರು ಕುಡಿ, ಸೊಪ್ಪು ಜಾಸ್ತಿ ತಿನ್ನು, ಆಗದಿದ್ದರೆ ಬಾ, ಪುಡಿ ಕೊಡ್ತೀನಿ." ಅವರ ಮಾತನ್ನು ನಂಬಿದಿರಿ ಅಂತಾದರೆ ನಿಮ್ಮ ಮಾತನ್ನು ಅವರು ನಂಬುತ್ತಾರೆ.

ಮೇಸ್ತ್ರಿ_ಮಗ:

ನಾನು ಡಾಕ್ಟರೂ ಅಲ್ಲ ನರ್ಸೂ ಅಲ್ಲ, ಗಾರೆ ಕೆಲಸದವನು, ಹದಿನೇಳು ವರ್ಷ ಬೀಡಿ ಸೇದಿ ಬಿಟ್ಟವನು. ಈಗ ನಾಲ್ಕು ವರ್ಷ ಆಯ್ತು. ಐದು ಸಲ ಬಿಟ್ಟು ಮತ್ತೆ ಹಿಡಿದಿದ್ದೆ, ಆರನೇದು ನಿಂತಿತು.

ನನಗೆ ಚಟ ಇದ್ದದ್ದು ಬೀಡಿಗಿಂತ ಬೀಡಿ ಸೇದುವ ಹೊತ್ತಿನದು. ಸೈಟಲ್ಲಿ ಸುಮ್ನೆ ಕೂತರೆ ಮೇಸ್ತ್ರಿ ಬೈಯುತ್ತಾರೆ. ಬೀಡಿ ಹಚ್ಚಿ ಕೂತರೆ ಐದು ನಿಮಿಷ ಯಾರೂ ಏನೂ ಅನ್ನಲ್ಲ. ಅದು ನಮ್ಮ ರಜೆ! ಇದನ್ನು ಯಾವ ಆಸ್ಪತ್ರೆಯಲ್ಲೂ ಯಾರೂ ಕೇಳಲಿಲ್ಲ. ಬಿಟ್ಟ ಮೇಲೆ ಆ ಐದು ನಿಮಿಷಕ್ಕೆ ಏನು ಮಾಡುವುದು ಅಂತ ಗೊತ್ತಾಗದೆ ಕೈ ಜೇಬಿಗೆ ಹೋಗುತ್ತಿತ್ತು. ಆಮೇಲೆ ಅಂಗಿ ಜೇಬಿನಲ್ಲಿ ಬೀಡಿ ಕಟ್ಟು ಇರುತ್ತಿದ್ದ ಜಾಗದಲ್ಲಿ ಹುರಿಗಡಲೆ ಪೊಟ್ಟಣ ಇಟ್ಟುಕೊಂಡೆ. ನಗಬೇಡಿ, ಕೈ ಹೋದಾಗ ಏನಾದರೂ ಸಿಗಬೇಕು.

ಮೂರನೇ ದಿನ ತುಂಬ ಕೆಟ್ಟದು. ಹೆಂಡತಿ ಮೇಲೆ ತಟ್ಟೆ ಎಸೆದೆ, ಹೇಳೋಕೆ ನಾಚಿಕೆ ಆಗುತ್ತೆ. ಮೂರನೇ ದಿನ ಹೀಗಾಗುತ್ತೆ ಅಂತ ಮೊದಲೇ ಯಾರಾದರೂ ಅವಳಿಗೂ ನನಗೂ ಹೇಳಿದ್ದರೆ ಚೆನ್ನಾಗಿತ್ತು. ಆರನೇ ಸಲ ಒಬ್ಬರು ಸಿಸ್ಟರ್ ಸರಿಯಾಗಿ ಮೂರನೇ ದಿನ ಸಂಜೆ ಫೋನ್ ಮಾಡಿದರು. "ಹೇಗಿದೀಯಪ್ಪ, ತಲೆ ಕೆಟ್ಟಿದೆಯಾ?" ಅಂದರು. ಅಷ್ಟೇ ಮಾತು. ಅವತ್ತು ಸೇದಲಿಲ್ಲ.

ಆಶಾ_ಅಕ್ಕ_14ವರ್ಷ:

ಸಿಸ್ಟರ್, ಒಂದು ವಿಷಯ ನೀವು ಗಮನಿಸಿದ್ದೀರಾ? ನಮ್ಮೂರಲ್ಲಿ ಅಯ್ಯಪ್ಪ ಮಾಲೆ ಹಾಕಿದ ಗಂಡಸರು 41 ದಿನ, ಕೆಲವರು 48 ದಿನ, ಬೀಡಿ ಮುಟ್ಟಲ್ಲ. ಗಮ್ ಇಲ್ಲ, ಮಾತ್ರೆ ಇಲ್ಲ, ಆಸ್ಪತ್ರೆ ಇಲ್ಲ. ದಿನಕ್ಕೆ ಎರಡು ಕಟ್ಟು ಸೇದುವವರೂ ಬಿಡುತ್ತಾರೆ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ದಿನ ಬಸ್‌ಸ್ಟ್ಯಾಂಡಲ್ಲೇ ಹಚ್ಚುತ್ತಾರೆ. ಮೈಯಲ್ಲಿ ಚಟ ಆಗಲೇ ಇಳಿದಿರುತ್ತದೆ, ಆದರೂ ಹಚ್ಚುತ್ತಾರೆ, ಯಾಕಂದರೆ ಎಲ್ಲರೂ ಹಚ್ಚುತ್ತಾರೆ.

ಅದಕ್ಕೆ ಹೋದ ವರ್ಷದಿಂದ ನಾನು ಮಾಲೆ ಹಾಕಿದವರ ಹೆಸರು ಬರೆದು ಇಟ್ಟುಕೊಳ್ಳುತ್ತೇನೆ. ಇರುಮುಡಿ ಕಟ್ಟುವ ಹಿಂದಿನ ವಾರ ಮನೆಗೆ ಹೋಗಿ "ಸ್ವಾಮಿ, ಒಂದೂವರೆ ತಿಂಗಳು ಬಿಟ್ಟಿದ್ದೀರಲ್ಲ, ಇನ್ನು ಯಾಕೆ?" ಅಂತ ಕೇಳುತ್ತೇನೆ. ವಾಪಸ್ ಬಂದ ದಿನ ಮತ್ತೆ ಹೋಗುತ್ತೇನೆ. ಹೋದ ವರ್ಷ ಹನ್ನೊಂದು ಜನ ಮಾಲೆ ಹಾಕಿದ್ದರು, ಮೂವರು ಇನ್ನೂ ಸೇದಿಲ್ಲ. ಮೂವರೇನಾ ಅನ್ನಬೇಡಿ, ಬರೀ ಫಾರಂ ತುಂಬಿದ ವರ್ಷಗಳಲ್ಲಿ ಒಬ್ಬರೂ ಇರಲಿಲ್ಲ.

ಮುಸ್ಲಿಂ ಮನೆಗಳಲ್ಲಿ ರಂಜಾನ್ ತಿಂಗಳು ಹೀಗೇ. ಹಗಲೆಲ್ಲ ಸೇದಲ್ಲ, ಸಂಜೆಯದ್ದನ್ನು ಮಾತ್ರ ಬಿಡಿಸಬೇಕು.

ಸುಮ್ನಿರಲಾರೆ:

ಎಲ್ಲ ಚೆನ್ನಾಗಿದೆ, ಆದರೆ ನರ್ಸಮ್ಮ ಒಬ್ಬರು ಎಷ್ಟು ಅಂತ ಹೊರುತ್ತಾರೆ? 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಬೀಡಿ ಮೇಲಿನ ತೆರಿಗೆಯನ್ನು 28%ನಿಂದ 18%ಗೆ ಇಳಿಸಲು ತೀರ್ಮಾನಿಸಿತು. ಸಿಗರೇಟಿಗೆ ಒಂದು ನ್ಯಾಯ, ಬಡವನ ಬೀಡಿಗೆ ಒಂದು ನ್ಯಾಯ. ಬೀಡಿ ಕಟ್ಟುವ ಹೆಂಗಸರ ಹೊಟ್ಟೆಪಾಡು ಅಂತಾರೆ, ಮಂಗಳೂರು ಕಡೆ ಎಷ್ಟು ಮನೆ ಅದರಲ್ಲಿ ನಡೆದಿದೆ ಅಂತ ನನಗೂ ಗೊತ್ತು. ಆದರೆ ಬೀಡಿ ಅಗ್ಗ ಆದರೆ ಕಟ್ಟುವವಳಿಗೆ ಕೂಲಿ ಜಾಸ್ತಿ ಆಗುತ್ತದಾ? ಸೇದುವವನ ದಮ್ಮು ಜಾಸ್ತಿ ಆಗುತ್ತೆ, ಅಷ್ಟೇ.

ಮೆಡಿಕಲ್_ಶಾಪ್:

ರಾಜಕೀಯ ಬೇರೆ ಕಡೆ ಮಾತಾಡೋಣ. ಗಮ್ ಬಗ್ಗೆ ಎರಡು ಮಾತು. 2 ಮಿಲಿಗ್ರಾಂ ಗಮ್ ಚೀಟಿ ಇಲ್ಲದೆ ಸಿಗುತ್ತದೆ, 4 ಮಿಲಿಗ್ರಾಂಗೆ ಚೀಟಿ ಬೇಕು. 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ನಿಕೋಟಿನ್ ಸೇರಿದೆ, ಆದ್ದರಿಂದ ಬೇಡಿಕೆ ಪಟ್ಟಿಯಲ್ಲಿ ಬರೆದು ಕೇಳಿ, ಕೇಳದೆ ಯಾರೂ ಕಳಿಸುವುದಿಲ್ಲ.

ಗಮ್ ಕೊಟ್ಟವರೆಲ್ಲ ಚೂಯಿಂಗ್ ಗಮ್ ಥರ ಅಗಿದು ಬಿಕ್ಕಳಿಕೆ, ಹೊಟ್ಟೆ ಉರಿ ಅಂತ ವಾಪಸ್ ಬರುತ್ತಾರೆ. ನಾನು ಹೇಳುವುದು ಹೀಗೆ: "ಹೊಗೆಸೊಪ್ಪು ದವಡೆಯಲ್ಲಿ ಇಟ್ಟುಕೊಳ್ಳೋರನ್ನ ನೋಡಿದ್ದೀರಲ್ಲ, ಹಾಗೆ." ನಿಧಾನ ಅಗಿಯಬೇಕು, ಚುರುಚುರು ಅಂದಾಗ ಕೆನ್ನೆ ಒಳಗೆ ಇಡಬೇಕು, ಚುರುಚುರು ಹೋದ ಮೇಲೆ ಮತ್ತೆ ಅಗಿಯಬೇಕು, ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮೊದಲು ಟೀ ಕಾಫಿ ಬೇಡ, ಕುಡಿದರೆ ನಿಕೋಟಿನ್ ಸರಿಯಾಗಿ ಹೀರುವುದಿಲ್ಲ. ಹಲ್ಲಿಲ್ಲದ ಅಜ್ಜಂದಿರಿಗೆ ಇದು ಆಗುವ ಮಾತಲ್ಲ, ಅವರಿಗೆ ಚರ್ಮಕ್ಕೆ ಅಂಟಿಸುವ ಪಟ್ಟಿ ಆಗಬಹುದು, ಡಾಕ್ಟರನ್ನು ಕೇಳಿ ಕೊಡಿ.

ಇನ್ನೊಂದು, ತಂಬಾಕು ಬಿಡಲು ಸಹಾಯ ಮಾಡುವ 1800-11-2356 ಅನ್ನುವ ಉಚಿತ ನಂಬರ್ ಇದೆ. 2018ರಿಂದ ಪ್ಯಾಕೆಟ್ ಮೇಲೆ ಅಚ್ಚು ಹಾಕುತ್ತಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ಅವರೇ ವಾಪಸ್ ಫೋನ್ ಮಾಡಿ ವಿಚಾರಿಸುತ್ತಾರೆ. ಬೀಡಿ ಕಟ್ಟಿನ ತೆಳು ಕಾಗದದ ಮೇಲೆ ಅದನ್ನು ಓದೋಕೆ ಭೂತಗನ್ನಡಿ ಬೇಕು. ಬಿಪಿ ಕಾರ್ಡಿನ ಹಿಂದೆ ನೀವೇ ದೊಡ್ಡದಾಗಿ ಬರೆದುಕೊಡಿ.

ಬಯಲುಸೀಮೆ_ಸಿಎಚ್‌ಒ (ಹದಿನೈದು ದಿನದ ನಂತರ):

ಎಲ್ಲರಿಗೂ ಥ್ಯಾಂಕ್ಸ್. ಊರಲ್ಲಿ ಎಲ್ಲರನ್ನೂ ಹಿಡಿಯುವುದು ಬಿಟ್ಟು ಆರು ಜನರನ್ನು ಆರಿಸಿಕೊಂಡೆ. ಒಂದು ಹಳೇ ಡೈರಿಯಲ್ಲಿ ಬಿಡುವ ದಿನ, ಮೂರನೇ ದಿನ, ಹದಿನೈದನೇ ದಿನ ಅಂತ ಮೂರು ಗೆರೆ ಹಾಕಿದ್ದೇನೆ. ಸದ್ಯಕ್ಕೆ ಇಬ್ಬರು ಸೇದುತ್ತಿಲ್ಲ, ಇಬ್ಬರು ಮೂರನೇ ದಿನವೇ ಜಾರಿದರು (ಮೇಸ್ತ್ರಿ ಅಣ್ಣ ಹೇಳಿದ ಹಾಗೇ), ಒಬ್ಬರು ಫೋನ್ ಎತ್ತುತ್ತಿಲ್ಲ. ಜಾರಿದವರಿಗೆ ಇನ್ನೊಂದು ದಿನ ಗೊತ್ತು ಮಾಡಿದ್ದೇವೆ.

ಅಜ್ಜನಿಗೆ ಮೊದಲ ಬೀಡಿ ಹಾಸಿಗೆಯಲ್ಲೇ ಅಂತೆ, ಕಣ್ಣು ಬಿಡುವ ಮೊದಲೇ. ಹಾಗಾಗಿ ಪಿಎಚ್‌ಸಿ ಡಾಕ್ಟರ ಹತ್ತಿರ ಕಳಿಸಿದೆ, ಹೋಗಿ ಬಂದರು. ಬಿಡುವ ದಿನ ಅವರೇ ಹೇಳಿದ್ದು, ಸೋಮವಾರ. ಸೋಮವಾರ ಒಪ್ಪೊತ್ತು ಮಾಡುತ್ತಾರೆ, ಪೂಜೆ ಆಗುವವರೆಗೆ ಹೇಗೂ ಸೇದುವುದಿಲ್ಲವಂತೆ. ಇಷ್ಟು ದಿನ ಇದನ್ನು ನಾನು ಕೇಳಿಯೇ ಇರಲಿಲ್ಲ.

ನಿನ್ನೆ ಭಾನುವಾರ ಸಂಜೆ ಮನೆ ಬಾಗಿಲಿಗೆ ಬಂದು ಅರ್ಧ ಕಟ್ಟು ಬೀಡಿ ನನ್ನ ಕೈಗೆ ಕೊಟ್ಟರು. ಬೆಂಕಿಪೊಟ್ಟಣ ಮಾತ್ರ ಕೊಡಲಿಲ್ಲ. ಒಲೆ ಹಚ್ಚೋಕೆ ಬೇಕಂತೆ.