ಕೈಂಡ್ ಆಫ್ ಬ್ಲೂ: ಮೊದಲ ಬದಿ ಹಾರ್ಮೋನಿಯಂಗೆ ಕೂಡವಲ್ದು, ಎರಡನೇದು ಕೂಡತೈತಿ

ಬಿಳಿಎರಡು (ಸಪ್ತಾಪುರ, ಧಾರವಾಡ)

ಈ ವಾರ ಟರ್ನ್‌ಟೇಬಲ್ ಮ್ಯಾಲ ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ರ ‘ಕೈಂಡ್ ಆಫ್ ಬ್ಲೂ’ ಐತಿ. ಕೊಲಂಬಿಯಾ ಲೇಬಲ್, 70ರ ದಶಕದ ಪ್ರೆಸ್ಸಿಂಗು. ‘ಸೋ ವಾಟ್’ನ್ಯಾಗ ಪಾಲ್ ಚೇಂಬರ್ಸ್‌ರ ಬಾಸ್ ಹಿಡಿಯೂ ಷಡ್ಜ ಬಿಳಿ ಎರಡಕ್ಕ (ಹಾರ್ಮೋನಿಯಂನ ಎರಡನೇ ಬಿಳಿ ಕೀ) ಬರಬೇಕು, ಬರವಲ್ದು. ಬಿಳಿ ಎರಡಕ್ಕಿಂತ ಒಂದೀಟು ಏರಿ ನಿಲ್ತೈತಿ, ಕಪ್ಪು ಎರಡಕ್ಕಂತೂ ಮುಟ್ಟಂಗಿಲ್ಲ. ಹಾರ್ಮೋನಿಯಂನ್ಯಾಗ ಬಿಳಿ ಎರಡು ಒತ್ತಿ ಹಿಡದ್ರ ಎರಡೂ ನಾದ ಒಂದಕ್ಕೊಂದು ತಿಕ್ಕಿ ಅಲಿ ಎದ್ದಂಗ ಮಿಡೀತಾವ.

ರೆಕಾರ್ಡು ತಿರುವಿ ‘ಆಲ್ ಬ್ಲೂಸ್’ ಹಾಕಿದ್ರ ಬಿಳಿ ಐದಕ್ಕ ಬರೋಬ್ಬರಿ ಕೂಡತೈತಿ! ಹಾರ್ಮೋನಿಯಂ ಟ್ಯೂನರ್ ಹಚ್ಚಿ ನೋಡಿದ್ದು, ಅದರಾಗ ತಪ್ಪಿಲ್ಲ. ಮಶೀನು ಬೆಲ್ಟ್ ಡ್ರೈವ್, ಡಿಸಿ ಮೋಟರು, ಬೆಲ್ಟ್ ಹಳೇದು. ಬೆಲ್ಟ್ ಸಡ್ಲಾದ್ರ ವೇಗ ಇಳೀಬೇಕಲ್ಲ, ಇಲ್ಲಿ ಏರೇತಿ. ಹೊಸ ಬೆಲ್ಟ್ ತರಸೂದೋ, ಮೋಟರು ಬಿಚ್ಚೂದೋ? ಬಲ್ಲವರು ಹೇಳ್ರಿ. ಹಂಗ ನಿಮ್ಮ ಮಶೀನಿನ ಮ್ಯಾಲ ಈಗ ಯಾವ ರೆಕಾರ್ಡು ತಿರುಗಾಕತ್ತೈತಿ, ಅದನ್ನೂ ಬರೀರಿ.

ಸೂಜಿಮೊನೆ (ವಿದ್ಯಾನಗರ, ಹುಬ್ಬಳ್ಳಿ)

ಸರ, ಬೆಲ್ಟ್ ತರಸಬ್ಯಾಡ್ರಿ, ಮೋಟರಿಗೆ ಕೈ ಹಚ್ಚಬ್ಯಾಡ್ರಿ. ನಿಮ್ಮ ಕಿವಿ ಖರೇ ಐತಿ. ತಪ್ಪು ರೆಕಾರ್ಡಿನ್ಯಾಗ ಐತಿ, ಅದೂ ಒಂದ ಬದಿಗೆ.

ಈ ರೆಕಾರ್ಡು ಎರಡು ದಿನದಾಗ ಆದದ್ದು. 1959ರ ಮಾರ್ಚ್ 2ಕ್ಕ ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೋದಾಗ ‘ಸೋ ವಾಟ್’, ‘ಫ್ರೆಡ್ಡಿ ಫ್ರೀಲೋಡರ್’, ‘ಬ್ಲೂ ಇನ್ ಗ್ರೀನ್’ ಆದವು. ಈ ಮೂರೂ ಮೊದಲ ಬದಿ. ಏಪ್ರಿಲ್ 22ಕ್ಕ ‘ಫ್ಲಾಮೆಂಕೋ ಸ್ಕೆಚಸ್’, ‘ಆಲ್ ಬ್ಲೂಸ್’ ಆದವು, ಅವೆರಡೂ ಎರಡನೇ ಬದಿ. ಮಾರ್ಚಿನ ದಿನ ಮುಖ್ಯ ಟೇಪ್ ಮಶೀನು ಒಂದೀಟು ನಿಧಾನ ಓಡ್ತಿತ್ತು. ನಿಧಾನ ಓಡಿದ ಟೇಪನ್ನ ಸರಿ ವೇಗದ ಮಶೀನಿನ್ಯಾಗ ನುಡಿಸಿದ್ರ ಎಲ್ಲಾ ಸ್ವರ ಏರ್ತಾವ, ಲಯನೂ ಒಂದೀಟು ಜಲ್ದಿ ಆಗತೈತಿ. ಆ ಟೇಪಿನಿಂದನ ರೆಕಾರ್ಡು ಕೊರದ್ರು, 30 ವರ್ಷಕ್ಕೂ ಹೆಚ್ಚು ಕಾಲ ಹಂಗ ಮಾರಿದ್ರು. ಅವತ್ತು ಜೋಡಿಗೆ ಇನ್ನೊಂದು ಮಶೀನು ಸರಿ ವೇಗದಾಗ ಓಡಿತ್ತು. 1992ರಾಗ ಆ ಎರಡನೇ ಟೇಪು ತಗೊಂಡು ವೇಗ ಸರಿ ಮಾಡಿದ್ರು. ಅದಕ್ಕ 70ರ ದಶಕದ ಯಾವ ಪ್ರೆಸ್ಸಿಂಗ್ ತಂದ್ರೂ ಮೊದಲ ಬದಿ ಏರೇ ಇರತೈತಿ. ಬೆಲ್ಟ್ ಬದಲಿ ಮಾಡಿ ಈ ಬದಿ ಕೂಡಿಸಿದ್ರಿ ಅಂದ್ರ ಉಳಿದ ಎಲ್ಲಾ ರೆಕಾರ್ಡು ಕೆಡ್ತಾವ.

ಕಿವಿಲೆ ತಾಳೆ ನೋಡೂ ಮುಂದ ಒಂದು ಮಾತು ಲಕ್ಷ್ಯದಾಗ ಇಡ್ರಿ. ‘ಸೋ ವಾಟ್’ ಬಿಳಿ ಎರಡರಿಂದ ಡೋರಿಯನ್, ಅಂದ್ರ ನಮ್ಮ ಕಾಫಿ ಥಾಟಿನ ಸ್ವರಗಳು. ಆದ್ರ ಷಡ್ಜ ಒಂದ ಕಡೆ ಕೂಡಂಗಿಲ್ಲ. 32 ‘ಬಾರ್’ಗಳ ಸುತ್ತು (ಒಂದು ಬಾರ್ ಅಂದ್ರ ನಾಲ್ಕು ಮಾತ್ರೆ): 64 ಮಾತ್ರೆ ಬಿಳಿ ಎರಡು, ಆಮ್ಯಾಲ 32 ಮಾತ್ರೆ ಇಡೀ ಕಾಫಿನ ಎತ್ತಿ ಕಪ್ಪು ಎರಡಕ್ಕ, ಮತ್ತ 32 ಮಾತ್ರೆ ಬಿಳಿ ಎರಡಕ್ಕ ವಾಪಸ್. ಒಟ್ಟು 128 ಮಾತ್ರೆ, ತೀನ್‌ತಾಲದ ಎಂಟು ಆವರ್ತನ. ತಂಬೂರಿ ಬಿಟ್ಟುಕೊಂಡು ಕೂತ್ರ ಆ ನಡುವಿನ 32 ಮಾತ್ರೆಯೊಳಗ ಎಲ್ಲಾ ಹದಗೆಟ್ಟಂಗ ಕೇಳ್ಸತೈತಿ, ಅದು ವೇಗದ ತಪ್ಪಲ್ಲ. ತಾಳೆ ನೋಡೂದು ಮೊದಲ 64 ಮಾತ್ರೆಯೊಳಗ ಮುಗಸ್ರಿ.

ಮಿಡಿತಾನ ಅಳತಿ ಮಾಡಿಕೋಬಹುದು. ನಡುವಿನ ಸಪ್ತಕದ ಬಿಳಿ ಎರಡು 293.7 ಹರ್ಟ್ಸ್. ವೇಗ ಶೇಕಡಾ 1 ಏರಿದ್ರ ಅದು 296.6 ಆಗತೈತಿ, ಸೆಕೆಂಡಿಗೆ ಮೂರು ಮಿಡಿತ ಎಣಿಸ್ತೀರಿ. ಅರ್ಧ ಸ್ವರ ಏರಬೇಕಂದ್ರ ಸುಮಾರು ಶೇಕಡಾ 6 ಬೇಕು. ಪಿಚ್ ಸ್ಲೈಡರ್ (ವೇಗ ಏರಿಳಿಸೂ ಗುಂಡಿ) ಇರೂ ಮಶೀನು ಇದ್ರ ಮೊದಲ ಬದಿಗೆ ಮಿಡಿತ ನಿಲ್ಲೂತನ ಕೆಳಗ ಎಳೆದು, ಅಲ್ಲೊಂದು ಪೆನ್ಸಿಲ್ ಗುರ್ತು ಮಾಡಿ ಇಡ್ರಿ. ಎರಡನೇ ಬದಿಗೆ ಸೊನ್ನೆಗೆ ತರೂದು ಮರೀಬ್ಯಾಡ್ರಿ.

ನನ್ನ ಮಶೀನಿನ ಮ್ಯಾಲ ಕೋಲ್ಟ್ರೇನ್‌ರ ‘ಎ ಲವ್ ಸುಪ್ರೀಂ’ ಐತಿ. ಅದರಾಗ ಇಂಥಾ ತಂಟೆ ಇಲ್ಲ.

ನೂರುಸುತ್ತು (ಗದಗ)

ಮೇಲಿನವರು ಹೇಳಿದ್ದು ಸರಿ. ಆದರೂ ಹಳೆಯ ಬೆಲ್ಟ್ ಇದೆ ಎಂದಮೇಲೆ ಯಂತ್ರದ ವೇಗವನ್ನು ಒಮ್ಮೆ ಅಳೆದೇ ಬಿಡಿ. ಖರ್ಚಿಲ್ಲ. ಪ್ಲ್ಯಾಟರಿನ (ರೆಕಾರ್ಡು ಕೂರುವ ತಟ್ಟೆ) ಅಂಚಿಗೆ ಬೆರಳುಗುರಿನಷ್ಟು ಬಿಳಿ ಕಾಗದ ಅಂಟಿಸಿ. ರೆಕಾರ್ಡು ಹಾಕಿ, ಸೂಜಿಯನ್ನು ಗ್ರೂವಿನ (ರೆಕಾರ್ಡಿನ ಗೀರು) ಮೇಲೆ ಇಳಿಸಿ, ಐದು ನಿಮಿಷ ಓಡಲು ಬಿಡಿ. ಆಮೇಲೆ ಫೋನಿನ ಸ್ಟಾಪ್‌ವಾಚ್ ಹಿಡಿದು ಕಾಗದ ಟೋನ್‌ಆರ್ಮಿನ (ಸೂಜಿ ಹಿಡಿದ ತೋಳು) ಬುಡ ದಾಟುವುದನ್ನು ಎಣಿಸಿ. ಮೊದಲ ಸಲ ದಾಟಿದಾಗ ‘ಸೊನ್ನೆ’ ಎನ್ನಬೇಕು, ‘ಒಂದು’ ಎಂದಲ್ಲ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ 100 ಸುತ್ತಿಗೆ ಸರಿಯಾಗಿ 180 ಸೆಕೆಂಡು ಹಿಡಿಯಬೇಕು. 178 ಬಂದರೆ ಶೇಕಡಾ 1.1 ಜೋರು, 182 ಬಂದರೆ ಅಷ್ಟೇ ನಿಧಾನ. ಸೂಜಿ ಇಳಿಸದೆ ಎಣಿಸಿದರೆ ಉಪಯೋಗವಿಲ್ಲ, ಹಗುರ ಪ್ಲ್ಯಾಟರಿನ ಡಿಸಿ ಯಂತ್ರಗಳಲ್ಲಿ ಸೂಜಿಯ ಎಳೆತದಿಂದಲೇ ವೇಗ ಇಳಿಯುತ್ತದೆ.

ಸ್ಟ್ರೋಬ್ ಚಕ್ರ (ವೇಗ ತಾಳೆ ನೋಡುವ ಗೆರೆಗಳ ಕಾಗದದ ಚಕ್ರ) ಮುದ್ರಿಸಿಕೊಳ್ಳುವವರು ಗೆರೆಗಳನ್ನು ನೋಡಿ ತೆಗೆದುಕೊಳ್ಳಿ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ 180 ಗೆರೆಗಳ ಚಕ್ರ ಬೇಕು. ಅಂತರ್ಜಾಲದಲ್ಲಿ ಸಿಗುವ ಬಹಳಷ್ಟು 216 ಗೆರೆಯವು, ಅಮೆರಿಕದ 60 ಹರ್ಟ್ಸ್‌ಗೆ ಮಾಡಿದವು. ಅದನ್ನು ಇಲ್ಲಿ ಇಟ್ಟರೆ ಸರಿ ಇರುವ ಯಂತ್ರವೂ ತಪ್ಪು ತೋರಿಸುತ್ತದೆ. ಬೆಳಕಿಗೆ ಹಳೆಯ ಬಲ್ಬು ಅಥವಾ ಚೋಕ್ ಇರುವ ಟ್ಯೂಬ್‌ಲೈಟ್ ಆಗಬೇಕು, ಬಹಳಷ್ಟು ಎಲ್‌ಇಡಿ ಬಲ್ಬುಗಳ ಕೆಳಗೆ ಗೆರೆಗಳು ಕಲಸಿ ಬೂದಿಯ ಬಣ್ಣವಾಗಿ ಕಾಣುತ್ತವೆ. ಗೆರೆಗಳು ನಿಂತಂತೆ ಕಂಡರೆ ಸರಿ, ಚಕ್ರ ತಿರುಗುವ ದಿಕ್ಕಿಗೇ ತೆವಳಿದರೆ ಜೋರು, ಹಿಂದಕ್ಕೆ ತೆವಳಿದರೆ ನಿಧಾನ.

ಬೆಲ್ಟಿನ ಬಗ್ಗೆ: ಸಡಿಲಾದ ಬೆಲ್ಟ್ ಜಾರುತ್ತದೆ, ವೇಗ ಇಳಿಯುತ್ತದೆ ಇಲ್ಲವೇ ತೂಗಾಡುತ್ತದೆ. ನಿಮ್ಮ ತರ್ಕ ಸರಿಯಾಗಿಯೇ ಇದೆ. ಡಿಸಿ ಮೋಟರಿನಲ್ಲಿ ವೇಗ ಏರಿದ್ದರೆ ಪ್ರಿಸೆಟ್ (ವೇಗ ಹೊಂದಿಸುವ ತಿರುಪು) ಸರಿದಿರಬಹುದು. ಹಲವು ಯಂತ್ರಗಳಲ್ಲಿ ಮೋಟರಿನ ತಳದಲ್ಲಿ ಸಣ್ಣ ತೂತು ಇರುತ್ತದೆ, ಒಳಗೆ ತಿರುಪು. ಗಡಿಯಾರ ರಿಪೇರಿಯ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸಿ ಮತ್ತೆ 100 ಸುತ್ತು ಎಣಿಸಬೇಕು. ಅದಕ್ಕೂ ಮೊದಲು ಬೆಲ್ಟನ್ನೂ ಮೋಟರಿನ ಪುಲ್ಲಿಯನ್ನೂ (ಬೆಲ್ಟ್ ಸುತ್ತುವ ಗಾಲಿ) ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಪುಲ್ಲಿಗೆ ಅಂಟಿದ ಕಪ್ಪು ರಬ್ಬರ್ ಪುಡಿ ಅದರ ವ್ಯಾಸವನ್ನು ಹಿಗ್ಗಿಸುತ್ತದೆ, ಅಷ್ಟರಮಟ್ಟಿಗೆ ಪ್ಲ್ಯಾಟರ್ ಜೋರಾಗುತ್ತದೆ.

ಅಮೆರಿಕದಿಂದ ಯಂತ್ರ ತರಿಸಿಕೊಂಡವರಿಗೆ ಇನ್ನೊಂದು ಮಾತು. ಎಸಿ ಸಿಂಕ್ರೊನಸ್ ಮೋಟರು ಕರೆಂಟಿನ ಆವರ್ತನದ ಮೇಲೆ ಓಡುತ್ತದೆ. 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಇಳಿಯುತ್ತದೆಯೇ ಹೊರತು ಆವರ್ತನ 50ರಲ್ಲೇ ಉಳಿಯುತ್ತದೆ, 33⅓ರ ಜಾಗದಲ್ಲಿ 27.8 ಸುತ್ತು ಬರುತ್ತದೆ. ಅದಕ್ಕೆ 50 ಹರ್ಟ್ಸ್‌ನ ದೊಡ್ಡ ಪುಲ್ಲಿ ಬೇಕು, ಇಲ್ಲವೇ 60 ಹರ್ಟ್ಸ್ ಕೊಡುವ ಆವರ್ತನ ಪರಿವರ್ತಕ ಬೇಕು.

ಲಯದಾಕಿ (ಹಾವೇರಿ)

ನನ್ನ ಮಶೀನಿನ ಮ್ಯಾಲ ಡೇವ್ ಬ್ರೂಬೆಕ್ ಕ್ವಾರ್ಟೆಟ್‌ನ ‘ಟೈಮ್ ಔಟ್’ ಐತಿ, ಅದೂ 1959ರದ್ದ. ತಬಲಾ ಬಲ್ಲವರು ಮೊದಲ ಟ್ರ್ಯಾಕ್ ‘ಬ್ಲೂ ರೊಂಡೊ’ ಕೈಯಾಗ ಎಣಿಸಿ ಕೇಳ್ರಿ: ಒಂಬತ್ತನ್ನ 2-2-2-3 ಅಂತ ಮೂರು ಸಲ ಒಡೆದು, ನಾಲ್ಕನೇ ಸಲ 3-3-3 ಮಾಡ್ತಾರ. ‘ಟೇಕ್ ಫೈವ್’ದಾಗ ಐದು ಮಾತ್ರೆ 3-2 ಐತಿ. ಝಪ್‌ತಾಲದ 2-3 ಹಿಡದು ಕೂತ್ರ ಸಮ ತಪ್ಪತೈತಿ, ಧಿ ನಾ ಮರೆತು ಪಿಯಾನೋ ಹಿಡದು ಎಣಿಸ್ರಿ.

ಆದ್ರ ನಾ ಬರಿಯಾಕ ಬಂದದ್ದು ಬ್ಯಾರೆ. ‘ಟೇಕ್ ಫೈವ್’ ಮೊದಲ ಬದಿಯ ಕಡೀ ಟ್ರ್ಯಾಕು, ಲೇಬಲ್ಲಿನ ಮಗ್ಗಲಕ ಬರತೈತಿ. ಭಾಳ ಮಂದಿ ಪಾಲ್ ಡೆಸ್ಮಂಡ್‌ರ ಸ್ಯಾಕ್ಸೋಫೋನು ಅಲ್ಲಿ ಒಡದಂಗ ಕೇಳ್ತೈತಿ, ಸಿಂಬಲ್ಲು ಮರಳು ಉಜ್ಜಿದಂಗ ಅಂತಾರ. ಕಾರಣ ಇಷ್ಟ: ಹೊರಗಿನ ಅಂಚಿನಾಗ ಗ್ರೂವ್ ಸೂಜಿ ಕೆಳಗ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಹರೀತೈತಿ, ಒಳಗ ಬಂದ್ರ 21. ಅಷ್ಟ ನಾದ ಅರ್ಧಕ್ಕಿಂತ ಕಡಿಮಿ ಜಾಗಾದಾಗ ಒತ್ತಿ ಕೂತಿರತೈತಿ, ಸೂಜಿ ಒಂಚೂರು ವಾರೆ ಇದ್ರೂ ಆ ತಿರುವು ಹಿಡಿಯಂಗಿಲ್ಲ.

ನಮ್ಮ ಖಯಾಲಿನ ಎಲ್‌ಪಿಗೆ ಇದು ಜಾಸ್ತಿ ಕಾಡತೈತಿ. ಬದಿ ತುಂಬ ಒಂದ ರಾಗ, ವಿಲಂಬಿತ್ ಹೊರಗ, ದ್ರುತ್ ಒಳಗ. ತಾನ್ ಬರೂದು, ತಬಲಾ ಜೋರಾಗೂದು ಎಲ್ಲಾ ಕಡೀ ಇಂಚಿನ್ಯಾಗ. ಮಲ್ಲಿಕಾರ್ಜುನ ಮನ್ಸೂರರ ತಾನು ಕಲಸಿದಂಗ ಕೇಳಿದ್ರ ರೆಕಾರ್ಡು ಸವೆದೈತಿ ಅಂತ ಬದಿಗೆ ಇಡೂಕಿಂತ ಮೊದಲು ಕಾರ್ಟ್ರಿಜ್ (ಸೂಜಿ ಇರೂ ಸಣ್ಣ ಡಬ್ಬಿ) ಕೂಡ್ಸಿದ್ದು ನೋಡ್ರಿ.

ಬೇರ್ವಾಲ್ಡ್ ಪ್ರೊಟ್ರ್ಯಾಕ್ಟರು (ಕಾರ್ಟ್ರಿಜ್ ನೆಟ್ಟಗ ಕೂಡ್ಸೂ ಅಳತಿ ಕಾಗದ) ಮುದ್ರಿಸಿಕೊಳ್ರಿ, ಪ್ರಿಂಟರಿನ್ಯಾಗ ಅಳತಿ ಶೇಕಡಾ 100 ಇರ್ಲಿ. ಮುದ್ರಿಸಿದ ಮ್ಯಾಲ ಸ್ಕೇಲ್ ಇಟ್ಟು ಅಳೀರಿ: ನಡುವಿನಿಂದ ಎರಡು ಚುಕ್ಕಿ 66 ಮಿಲಿಮೀಟರಿಗೆ, 120.9ಕ್ಕ ಇರಬೇಕು. ಕಾರ್ಟ್ರಿಜ್ಜಿನ ಎರಡೂ ಸ್ಕ್ರೂ ಸಡ್ಲ ಮಾಡಿ ಸೂಜಿ ಚುಕ್ಕಿ ಮ್ಯಾಲ ಇಳಸ್ರಿ, ಮ್ಯಾಲಿಂದ ನೋಡಿದ್ರ ಕಾರ್ಟ್ರಿಜ್ಜಿನ ಎರಡೂ ಮಗ್ಗಲು ಗೆರಿಗೆ ಸಮಾಂತರ ಇರಬೇಕು. ಒಂದು ಚುಕ್ಕಿಗೆ ಕೂಡಿ ಇನ್ನೊಂದಕ್ಕ ತಪ್ಪಿದ್ರ ಕಾರ್ಟ್ರಿಜ್ಜನ್ನ ಹಿಂದ-ಮುಂದ ಸರಸೂದು, ಬರೇ ತಿರುವಿದ್ರ ಆಗಂಗಿಲ್ಲ. ಸ್ಕ್ರೂ ಬಿಗಿ ಮಾಡೂವಾಗ ಅರ್ಧರ್ಧ ಸುತ್ತು ಒಂದರ ನಂತರ ಒಂದು, ಒಮ್ಮೆಲೆ ಬಿಗಿದ್ರ ಹೊರಳಿ ಬಿಡತೈತಿ. ಕಾರ್ಟ್ರಿಜ್ ಸರಿದ್ರ ತೂಕ ಬದಲಾಗತೈತಿ, ಅದಕ್ಕ ಸೂಜಿ ಭಾರ ಮತ್ತ ಅಳೀಲೇಬೇಕು. ಆಡಿಯೋ-ಟೆಕ್ನಿಕಾ ವಿಎಂ95ಇ ಇದ್ರ 2.0 ಗ್ರಾಂ (1.8ರಿಂದ 2.2 ನಡೀತೈತಿ), ಆರ್ಟೊಫೋನ್ 2ಎಂ ರೆಡ್ ಇದ್ರ 1.8. ರೆಕಾರ್ಡು ಸವೀತೈತಿ ಅಂತ ಹೆದರಿ ಭಾರ ಕಡಿಮಿ ಮಾಡಬ್ಯಾಡ್ರಿ. ಹಗುರಾದ ಸೂಜಿ ಗ್ವಾಡಿಯಿಂದ ಗ್ವಾಡಿಗೆ ಜಿಗಿದು ಗ್ರೂವ್ ಕೆತ್ತತೈತಿ, ಆ ಗಾಯ ಆಮ್ಯಾಲ ಹೋಗಂಗಿಲ್ಲ.

ಬಿಳಿಎರಡು (ಸಪ್ತಾಪುರ, ಧಾರವಾಡ)

ಎಲ್ಲರಿಗೂ ಶರಣು. ಸೂಜಿ ಇಳಿಸಿ ಎಣಿಸಿದೆ: 100 ಸುತ್ತು, 180 ಸೆಕೆಂಡು. ಸೂಜಿ ಎತ್ತಿ ಎಣಿಸಿದ್ರ 179. ಪುಲ್ಲಿ ಒರೆಸಿದ ಬಟ್ಟಿ ಕಪ್ಪಾತು, ಆದ್ರ ಲೆಕ್ಕ ಬದಲಾಗ್ಲಿಲ್ಲ. ಅಂದ್ರ ಮಶೀನು ಸರಿ, ‘ಸೋ ವಾಟ್’ ಹುಟ್ಟಾ ಏರು.

ಅಕ್ಕಾರ, ಪ್ರೊಟ್ರ್ಯಾಕ್ಟರಿನ್ಯಾಗ ಒಳಗಿನ ಚುಕ್ಕಿಗೆ ನನ್ನ ಕಾರ್ಟ್ರಿಜ್ ವಾರೆನ ಇತ್ತು, ಸುಮಾರು 2 ಮಿಲಿಮೀಟರ್ ಮುಂದ ಸರಿಸಿದ ಮ್ಯಾಲ ಎರಡೂ ಕಡೆ ಕೂಡ್ತು. ಇನ್ನೊಂದು ಕೇಳೂದೈತಿ: ಮಳಿಗಾಲದಾಗ ಎಲ್‌ಪಿ ಮ್ಯಾಲ ಬಿಳಿ ಚುಕ್ಕಿ ಎದ್ದಾವ, ಕೆಲವು 78ರ ಪ್ಲೇಟಿಗೂ (ನಿಮಿಷಕ್ಕ 78 ಸುತ್ತಿನ ಹಳೇ ರೆಕಾರ್ಡು) ಬಂದಾವ. ಎರಡಕ್ಕೂ ಒಂದ ದ್ರಾವಣ ನಡೀತೈತೇನ್ರಿ?

ಸೂಜಿಮೊನೆ (ವಿದ್ಯಾನಗರ, ಹುಬ್ಬಳ್ಳಿ)

ನಡಿಯಂಗಿಲ್ಲ ಸರ, ಪ್ಲೇಟು ಬದಿಗಿಡ್ರಿ ಮೊದಲು! ಎಲ್‌ಪಿ ವಿನೈಲು, ಅದಕ್ಕ 800 ಮಿಲಿಲೀಟರ್ ಡಿಸ್ಟಿಲ್ಡ್ ನೀರಿಗೆ 200 ಐಸೊಪ್ರೊಪೈಲ್, ಒಂದೆರಡು ಹನಿ ಪಾತ್ರೆ ತೊಳಿಯೂ ಸೋಪು. ಮೆತ್ತನ ಬ್ರಷ್ಷಿನಿಂದ ಗ್ರೂವ್ ಹೋದ ದಿಕ್ಕಿಗೆ ಉಜ್ಜಿ, ಬರೇ ಡಿಸ್ಟಿಲ್ಡ್ ನೀರಿನಿಂದ ಎರಡು ಸಲ ತೊಳೀರಿ, ಸೋಪು ಉಳಿದ್ರ ಸೂಜಿಗೆ ಅಂಟತೈತಿ. ನಲ್ಲಿ ನೀರು, ಬೋರಿನ ನೀರು ಬ್ಯಾಡ, ಒಣಗಿದ ಮ್ಯಾಲ ಸುಣ್ಣ ಗ್ರೂವಿನ್ಯಾಗ ಕೂಡತೈತಿ.

78ರ ಪ್ಲೇಟು ಅರಗಿನದು. ಆಲ್ಕೋಹಾಲ್ ತಾಗಿದ್ರ ಅರಗು ಕರಗತೈತಿ, ಗ್ರೂವ್ ಅಲ್ಲೇ ಹೋಗಿಬಿಡತೈತಿ. ‘ಗಾಂಧಾರಿ’ ಹೆಸರಿನ್ಯಾಗ ಬಂದ ಗಂಗೂಬಾಯಿ ಹಾನಗಲ್ಲರ ಹಳೇ ಪ್ಲೇಟು ಯಾರ ಕಡೆ ಅದಾವ, ಅವರು ದಯಮಾಡಿ ಇದನ್ನ ಎರಡು ಸಲ ಓದ್ರಿ. ಅದಕ್ಕ ಡಿಸ್ಟಿಲ್ಡ್ ನೀರು, ಒಂದು ಹನಿ ಸೋಪು, ಅಷ್ಟ. ಲೇಬಲ್ಲಿಗೆ ನೀರು ತಾಗಬಾರದು, ತೊಳೆದ ಕೂಡ್ಲೆ ಮೆತ್ತನ ಬಟ್ಟಿಲೆ ಒತ್ತಿ ಒಣಗಸ್ರಿ, ನೆನಿಯಾಕ ಬಿಡಬ್ಯಾಡ್ರಿ. ನುಡಿಸೂ ಮುಂದ ಎಲ್‌ಪಿ ಸೂಜಿ ಹಚ್ಚಬ್ಯಾಡ್ರಿ, ಅದು ಅಗಲ ಗ್ರೂವಿನ ತಳಕ್ಕ ಬಿದ್ದು ಬರೇ ಕರಕರ ಕೊಡತೈತಿ. 78ಕ್ಕ 3 ಮಿಲ್ (ಇಂಚಿನ ಸಾವಿರದಾಗ ಮೂರು ಪಾಲು), ಅಂದ್ರ ಸುಮಾರು 75 ಮೈಕ್ರಾನಿನ ಸೂಜಿ ಬ್ಯಾರೇನ ಬೇಕು.

ಹಳೇ ಒಳಗಿನ ಕವರಿನ್ಯಾಗ ಬೂಷ್ಟು ಉಳಿದಿರತೈತಿ. ತೊಳೆದ ರೆಕಾರ್ಡನ್ನ ಮತ್ತ ಅದರಾಗ ಹಾಕಬ್ಯಾಡ್ರಿ.