ಹತ್ತನೇ ಕ್ಲಾಸಿನ ಮಗ ತನ್ನ ಬಟ್ಟೆ ತಾನೇ ಒಗೆಯಲಿ ಅಂದರೆ ತಪ್ಪಾ?

ಹುಬ್ಬಳ್ಳಿ ಟೀಚರ್:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಎರಡು ವಾರದಿಂದ ಒಂದು ಜಗಳ ನಡೆದಿದೆ. ಹೊರಗಿನವರು ಏನನ್ನುತ್ತೀರಿ ನೋಡೋಣ ಅಂತ ಬರೆಯುತ್ತಿದ್ದೇನೆ.

ಮಗನಿಗೆ 15 ವರ್ಷ, ಎಸ್ಸೆಸ್ಸೆಲ್ಸಿ. ಮಗಳಿಗೆ 13. ನಾನು ಟೀಚರ್, ಮನೆಯವರದ್ದು ಅಂಗಡಿ. ಅತ್ತೆ ನಮ್ಮ ಜೊತೆಗೇ ಇದ್ದಾರೆ, 71 ವರ್ಷ, ಮೊಣಕಾಲು ನೋವು. ನಮ್ಮ ಓಣಿಗೆ ನಳದ ನೀರು ಬರುವುದು ಐದಾರು ದಿನಕ್ಕೊಮ್ಮೆ, ಹುಬ್ಬಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಬಂದ ದಿನವೇ ಒಗೆಯುವ ದಿನ. ಅದು ಬೆಳಗಿನ ಜಾವ ನಾಲ್ಕಕ್ಕೆ ಬಂದರೂ ಸರಿ. ಟ್ಯಾಂಕು ತುಂಬಿಸಿ, ಬ್ಯಾರಲ್ ತುಂಬಿಸಿ, ಕೊಡ ತುಂಬಿಸಿ, ಆಮೇಲೆ ಸೆಮಿ ಆಟೋಮ್ಯಾಟಿಕ್ ಮೆಷಿನ್‌ಗೆ ಬಕೆಟ್‌ನಿಂದ ನೀರು ಸುರುವಿ ಐದು ಜನರ ಬಟ್ಟೆ ಹಾಕಬೇಕು. ಇಷ್ಟೆಲ್ಲ ಮುಗಿಸಿ ಎಂಟೂವರೆ ಬಸ್ ಹಿಡಿಯಬೇಕು.

ಹೋದ ತಿಂಗಳು ಮಗನ ಬ್ಯಾಗಿನ ತಳದಲ್ಲಿ ಕಬಡ್ಡಿ ಆಡಿದ ಟೀ ಶರ್ಟ್ ಸಿಕ್ಕಿತು. ಮುದ್ದೆ ಮಾಡಿ ತುರುಕಿದ್ದ. ನಾಲ್ಕು ದಿನದ್ದು. ಬೆವರು, ಮಣ್ಣು, ಅದರೊಳಗೆ ಅರ್ಧ ತಿಂದು ಬಿಟ್ಟ ಚಪಾತಿ. ನನಗೆ ಎಲ್ಲಿತ್ತೋ ಸಿಟ್ಟು, "ಇವತ್ತಿಂದ ನಿನ್ನ ಅರಬಿ ನೀನ ಒಗಕೋ" ಅಂದುಬಿಟ್ಟೆ.

ಮೊದಲ ಸಲ ಒಗೆದ. ಪರವಾಗಿಲ್ಲ, ಚೆನ್ನಾಗಿಯೇ ಒಗೆದ. ಎರಡನೇ ಸಲ ನೀರು ಬಂದಾಗ ಏಳಲೇ ಇಲ್ಲ. ಒಂದೇ ಅಂಗಿ ಮೂರು ದಿನ ಹಾಕಿಕೊಂಡ, ಮೂಸಿ ನೋಡಿ "ಏನೂ ಆಗಿಲ್ಲ" ಅಂದ. ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ. ಅತ್ತೆಗೆ ತಡೆಯಲಿಲ್ಲ. ನಾನು ಶಾಲೆಗೆ ಹೋದ ಮೇಲೆ ಹಿತ್ತಲಿನ ಕಲ್ಲಿನ ಮುಂದೆ ಕೂತು ಅವನ ಬಟ್ಟೆ ಅಷ್ಟೂ ಒಗೆದು, ಶನಿವಾರದ ಬಿಳಿ ಯೂನಿಫಾರ್ಮಿಗೆ ನೀಲಿ ಬೇರೆ ಹಾಕಿ ಒಣಗಿಸಿದ್ದಾರೆ. ಸಂಜೆ ಬಂದು ನೋಡಿದರೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ, "ನಾ ಇನ್ನೂ ಜೀವಂತ ಅದೀನಿ, ನನ್ನ ಮೊಮ್ಮಗ ಅರಬಿ ಒಗೀಬೇಕೇನು?" ಅಂದರು.

ಮನೆಯವರದ್ದು ಒಂದೇ ಮಾತು, ಮಾರ್ಚ್ ತನಕ ಬಿಡು, ಪರೀಕ್ಷೆ ಮುಗಿಯಲಿ. ಮಗನಿಗಂತೂ ಪುಕ್ಕಟೆ ಇಬ್ಬರು ವಕೀಲರು ಸಿಕ್ಕಂತಾಯಿತು. ಮಗಳದ್ದು ಏನೂ ತಕರಾರಿಲ್ಲ, ಅವಳ ಪಾಡಿಗೆ ಅವಳಿರುತ್ತಾಳೆ.

ಹಟ ಹಿಡಿದರೆ ಒಗೆಯುವುದು ಅತ್ತೆ. ಬಿಟ್ಟರೆ ಒಗೆಯುವುದು ನಾನು. ಮಗ ಎರಡರಲ್ಲೂ ಇಲ್ಲ. ಏನು ಮಾಡಲಿ ಹೇಳಿ.

ಅಡಿಕೆ ಸಿಪ್ಪೆ:

ಟೀಚರ್, ಹಟ ಬಿಡಬೇಡಿ ಅಂತಲೇ ನಾನೂ ಹೇಳುವುದು. ಆದರೆ ನಿಮ್ಮ ಹಟ ಎಲ್ಲಿಗೆ ಮುಟ್ಟುತ್ತೆ ಅನ್ನುವುದನ್ನೂ ಹೇಳುತ್ತೇನೆ ಕೇಳಿ.

ನಾನು ಆರನೇ ಕ್ಲಾಸಿಗೆ ನವೋದಯಕ್ಕೆ ಸೇರಿದವನು. ಆಗ 11 ವರ್ಷ. ಅಲ್ಲಿ ನಮ್ಮ ಬಟ್ಟೆ ನಾವೇ ಒಗೆಯಬೇಕಿತ್ತು, ಅಯ್ಯೋ ಪಾಪ ಅನ್ನೋಕೆ ಯಾರೂ ಇರಲಿಲ್ಲ. ಒಗೆಯುವುದು ಅಂದರೆ ಸೋಪಿನ ನೀರಲ್ಲಿ ಮುಳುಗಿಸಿ ಎತ್ತುವುದು ಅಂತ ಮೊದಲ ವರ್ಷ ಪೂರ್ತಿ ತಿಳಿದುಕೊಂಡಿದ್ದೆ. ಕಾಲರ್ ಕಪ್ಪಾಗಿ ರಟ್ಟಿನ ಹಾಗೆ ಆಗಿತ್ತು. ಕೊನೆಗೆ ಒಬ್ಬ ಸೀನಿಯರ್ ಅಣ್ಣ ನೋಡಲಾರದೆ ಹೇಳಿಕೊಟ್ಟ. ಮೊದಲು ಕಾಲರ್, ಕಂಕುಳು, ತೋಳಿನ ತುದಿ, ಈ ಮೂರು ಜಾಗಕ್ಕೆ ಬಾರ್ ಸೋಪು ತಿಕ್ಕು. ಅರ್ಧ ಗಂಟೆ ನೆನೆಸು. ಕಲ್ಲಿಗೆ ಬಡಿಯಬೇಡ, ಬ್ರಷ್ ಹಾಕು, ಗುಂಡಿ ಉಳಿಯುತ್ತೆ. ಇಷ್ಟೇ ವಿದ್ಯೆ. ಇವತ್ತಿಗೂ ಹಾಗೇ ಒಗೆಯುತ್ತೇನೆ. ಭಾನುವಾರ ಕಲ್ಲಿಗಾಗಿ ಕ್ಯೂ, ಹಗ್ಗದ ಮೇಲಿಂದ ಕಾಲುಚೀಲ ಮಾಯ, ಆ ಕಥೆ ಬೇರೆ.

ಈಗ ನಾಚಿಕೆಯ ವಿಷಯ. ಇಷ್ಟೆಲ್ಲ ಕಲಿತವನು ದಸರಾ ರಜೆಗೆ ಊರಿಗೆ ಬರುವಾಗ ಕೊನೆಯ ಎರಡು ವಾರದ ಬಟ್ಟೆ ಒಗೆಯದೆ ಟ್ರಂಕಿನಲ್ಲಿ ತುಂಬಿಕೊಂಡು ಬರುತ್ತಿದ್ದೆ. ನಮ್ಮದು ತೀರ್ಥಹಳ್ಳಿ ಕಡೆ. ಒಂದು ವರ್ಷ ದಸರಾ ಬಂದರೂ ಮಳೆ ಬಿಟ್ಟಿರಲಿಲ್ಲ. ಅಮ್ಮ ಅಷ್ಟೂ ಬಟ್ಟೆ ಒಗೆದು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿ, ಅಡಿಕೆ ಸಿಪ್ಪೆ ಉರಿ ಮಾಡಿ, ರಾತ್ರಿಯೆಲ್ಲ ತಿರುವಿ ಹಾಕುತ್ತಾ ಒಣಗಿಸಿದ್ದಳು. ನಾನು ಹೊದ್ದು ಮಲಗಿದ್ದೆ. ರಜೆ ಮುಗಿಸಿ ಹೋದಾಗ ಹಾಸ್ಟೆಲ್ ಹುಡುಗರು ನನ್ನ ಅಂಗಿ ಮೂಸಿ "ಏನೋ ಹೊಗೆಸೊಪ್ಪು" ಅಂತ ನಗುತ್ತಿದ್ದರು.

ಅಂದರೆ ಕೈಗೆ ಕೆಲಸ ಬರುತ್ತಿತ್ತು. ಮನೆಗೆ ಬಂದ ಕೂಡಲೇ ಕೈ ಸೋಮಾರಿ ಆಗುತ್ತಿತ್ತು, ಅಷ್ಟೇ. ನಿಮ್ಮ ಮಗನೂ ಮೊದಲ ಸಲ ಚೆನ್ನಾಗಿ ಒಗೆದ ಅಂತ ನೀವೇ ಬರೆದಿದ್ದೀರಲ್ಲ.

ಮೂರನೇ ಮಹಡಿ:

ನಾನು ಸ್ವಲ್ಪ ಬೇರೆ ಥರ ಹೇಳುತ್ತೇನೆ. "ನಿನ್ನ ಬಟ್ಟೆ ನೀನೇ" ಅನ್ನುವ ನಿಯಮವೇ ನಮ್ಮ ಮನೆಗಳಿಗೆ ಸರಿಹೋಗುವುದಿಲ್ಲ.

ಬೆಂಗಳೂರಲ್ಲಿ ನಮ್ಮ ಮನೆಯಲ್ಲಿ ಇದನ್ನೇ ಮಾಡಿ ನೋಡಿದ್ದೆವು. ಮಗ ನಾಲ್ಕು ಟೀ ಶರ್ಟ್ ಹಾಕಿ ಟಾಪ್ ಲೋಡ್ ಮೆಷಿನ್ ಓಡಿಸಿದ. ಮಾರನೇ ದಿನ ಮಗಳು ಎರಡು ಜೀನ್ಸ್ ಹಾಕಿ ಓಡಿಸಿದಳು. ಆಮೇಲೆ ನಾನು ನಮ್ಮಿಬ್ಬರದು. ಒಂದು ದಿನ ಹೊರಗೆ ಹೋಗುವ ನೀರನ್ನು ಬಕೆಟ್ ಇಟ್ಟು ಹಿಡಿದೆ. ಫುಲ್ ಸೈಕಲ್‌ಗೆ ಏಳು ಬಕೆಟ್ ಬಂತು! ಅದು 2024ರ ಬೇಸಿಗೆ. ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾಯುತ್ತಿದ್ದೆವು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ನಮ್ಮನೆಯಲ್ಲಿ ಮಾತ್ರ ಸ್ವಾವಲಂಬನೆ ಹೆಸರಲ್ಲಿ ವಾರಕ್ಕೆ ಮೂರು ಸಲ ಏಳೇಳು ಬಕೆಟ್. ಅವತ್ತೇ ನಿಲ್ಲಿಸಿದೆ.

ಈಗ ಸರದಿ. ಈ ವಾರ ಮಗ ಅಂದರೆ ಮನೆಯ ಎಲ್ಲರ ಬಟ್ಟೆಯೂ ಅವನದೇ. ಅಪ್ಪನ ಪ್ಯಾಂಟೂ ಸೇರಿ. ಜೇಬು ನೋಡಬೇಕು (ಒಂದು ಟಿಶ್ಯೂ ಪೇಪರ್ ಸಾಕು, ಕಪ್ಪು ಪ್ಯಾಂಟ್ ಪೂರ್ತಿ ಹತ್ತಿ ಬಿಡಿಸಿದ ಹಾಗೆ ಆಗುತ್ತೆ), ಬಿಳಿ ಬೇರೆ ಮಾಡಬೇಕು, ಬಣ್ಣ ಬಿಡುವ ಹೊಸ ಹತ್ತಿ ಬಟ್ಟೆ ಮೊದಲೆರಡು ಸಲ ಬೇರೆಯೇ ನೆನೆಸಬೇಕು. ಒಗೆಯುವುದನ್ನು ಮೆಷಿನ್ ಮಾಡುತ್ತೆ. ಹರವುವುದು, ಮಳೆ ಹನಿ ಬಿದ್ದರೆ ಓಡಿಹೋಗಿ ತೆಗೆಯುವುದು, ಮಡಚುವುದು, ಯಾರದ್ದು ಯಾವ ಕಪಾಟಿಗೆ ಅಂತ ಇಡುವುದು, ಇದನ್ನು ಯಾವ ಮೆಷಿನ್ ಮಾಡುತ್ತೆ? ಹುಡುಗರು ಬಟನ್ ಒತ್ತಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಅರ್ಧ ಕೆಲಸ ಆಮೇಲೆ ಶುರುವಾಗುವುದು.

ನಷ್ಟಕ್ಕೂ ತಯಾರಿರಿ. ನಮ್ಮವನು ನನ್ನ ಇಳಕಲ್ ಸೀರೆಯನ್ನು ತಿಳಿ ಬಣ್ಣದ ಕರ್ಟನ್ ಜೊತೆ ಹಾಕಿದ. ಈಗ ಹಾಲ್‌ಗೆ ಗುಲಾಬಿ ಕರ್ಟನ್. ಬಂದವರೆಲ್ಲ ಚೆನ್ನಾಗಿದೆ, ಎಲ್ಲಿ ತಗೊಂಡ್ರಿ ಅಂತಾರೆ.

ಸಿಂಪಲ್ ಮನುಷ್ಯ:

ಸುಮ್ನೆ ಓದುವ ಹುಡುಗನ ತಲೆ ಯಾಕೆ ತಿನ್ನುತ್ತೀರಿ? ನನ್ನ ಅಮ್ಮ ನನ್ನ ಬಟ್ಟೆಯನ್ನು ನನಗೆ 22 ಆಗುವವರೆಗೂ ಒಗೆದಳು. ಕೆಲಸಕ್ಕೆ ಅಂತ ಪಿಜಿಗೆ ಬಂದ ಮೇಲೆ ಎರಡು ದಿನದಲ್ಲಿ ಕಲಿತೆ. ಇದೇನು ಐಎಎಸ್ ಪರೀಕ್ಷೆನಾ? ಬೇಕಾದಾಗ ಎಲ್ಲರೂ ಕಲಿಯುತ್ತಾರೆ. ಅಜ್ಜಿ ಪ್ರೀತಿಯಿಂದ ಒಗೆಯುತ್ತಾರೆ, ಒಗೆಯಲಿ ಬಿಡಿ. ಇನ್ನು ಎಷ್ಟು ವರ್ಷ ಆ ಪ್ರೀತಿ ಸಿಗುತ್ತೆ?

ಮೂರನೇ ಮಹಡಿ:

ಎರಡು ದಿನದಲ್ಲಿ ಕಲಿತಿರಿ, ಒಪ್ಪಿದೆ. ಈಗ ನಿಮ್ಮ ಮನೆಯಲ್ಲಿ ಯಾರು ಒಗೆಯುವುದು?

ಸಿಂಪಲ್ ಮನುಷ್ಯ:

ಮೆಷಿನ್ ಇದೆಯಲ್ಲ.

ಮೂರನೇ ಮಹಡಿ:

ಮೆಷಿನ್‌ಗೆ ಹಾಕುವವರು?

ಸಿಂಪಲ್ ಮನುಷ್ಯ:

ಹೆಂಡತಿ. ಆದರೆ ಭಾನುವಾರ ಮಡಚುವುದು ನಾನೇ. ಇದನ್ನೂ ಬರೆದುಕೊಳ್ಳಿ.

ಧಾರವಾಡ ಮಳಿ:

ಅಣ್ಣಾರ, ಬರೆದುಕೊಂಡೆ 😄 ನಾನು ಎಕನಾಮಿಕ್ಸ್ ಓದುವವಳು, ಅದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಕೇಂದ್ರ ಸರ್ಕಾರದವರು ಜನ ದಿನದ 24 ಗಂಟೆ ಹೇಗೆ ಕಳೆಯುತ್ತಾರೆ ಅಂತ ಸರ್ವೆ ಮಾಡುತ್ತಾರೆ. 2024ರ ಸರ್ವೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲಿ ಕಳೆಯುತ್ತಾರೆ, ಗಂಡಸರು 88 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರದು ಮಾತ್ರ, ಕೈಯೇ ಹಾಕದವರು ಆ ಲೆಕ್ಕದಲ್ಲೇ ಇಲ್ಲ. ಅಂದರೆ ಎಲ್ಲರೂ ಬೇಕಾದಾಗ ಕಲಿಯುತ್ತಾರೆ ಅನ್ನುವುದು ನಿಜ. ಆ ಬೇಕಾದಾಗ ಅನ್ನುವುದು ಮದುವೆ ಆದ ಮೇಲೆ ಬರುವುದೇ ಇಲ್ಲ, ಅದು ತಕರಾರು.

ಅದಿರಲಿ. ಟೀಚರ್ ಅಕ್ಕಾ, ನಿಮಗೆ ಒಂದು ಮಾತು ಕೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಮಗಳದ್ದು ಏನೂ ತಕರಾರಿಲ್ಲ ಅಂತ ಒಂದು ಸಾಲು ಬರೆದು ಬಿಟ್ಟಿರಿ. ಅವಳ ಬಟ್ಟೆ ಯಾರು ಒಗೆಯುತ್ತಾರೆ?

ನಾನು ಯಾಕೆ ಕೇಳಿದೆ ಅಂದರೆ, ನನಗೆ 12 ವರ್ಷಕ್ಕೆ ಮುಟ್ಟು ಶುರುವಾದ ದಿನವೇ ಬಚ್ಚಲಲ್ಲಿ ನನ್ನ ಕೈಗೆ ಸೋಪು ಬಂತು. ತಣ್ಣೀರಲ್ಲೇ ತೊಳಿ, ಬಿಸಿನೀರು ಹಾಕಿದರೆ ಕಲೆ ಕೂರುತ್ತೆ ಅಂತ ಅಮ್ಮ ಹೇಳಿಕೊಟ್ಟಳು. ಅದು ಒಳ್ಳೆಯದೇ, ಕಲಿಯಬೇಕಾದದ್ದೇ. ಆದರೆ ಅವತ್ತಿಂದ ನನ್ನ ಒಳಬಟ್ಟೆ, ನನ್ನ ಬೆಡ್‌ಶೀಟ್ ಎಲ್ಲ ನನ್ನದೇ ಕೆಲಸ ಆಯಿತು, ಯಾರೂ ಇದಕ್ಕೆ ಜಗಳ ಮಾಡಲಿಲ್ಲ, ಪರೀಕ್ಷೆ ಮುಗಿಯಲಿ ಅಂತಲೂ ಅನ್ನಲಿಲ್ಲ. ನಾನೂ ಎಸ್ಸೆಸ್ಸೆಲ್ಸಿ ಬರೆದವಳೇ. ಒಣಗಿಸುವುದು ಬೇರೆ ಟವೆಲ್ ಕೆಳಗೆ, ಅಟ್ಟದ ಮೂಲೆಯಲ್ಲಿ, ತಮ್ಮನಿಗೆ ಕಾಣದ ಹಾಗೆ. ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆಗೆ ಬಯಲಲ್ಲಿ ಹಾಕಿದ್ದೇ ಒಣಗುವುದಿಲ್ಲ, ಇನ್ನು ಟವೆಲ್ ಕೆಳಗಿನದು ಮೂರು ದಿನ ಆದರೂ ಹಸಿ. ಹಸಿಯದ್ದನ್ನೇ ಹಾಕಿಕೊಂಡು ತುರಿಕೆ ಶುರುವಾಗಿ ಡಾಕ್ಟರ್ ಹತ್ತಿರ ಹೋದರೆ, ಅವರು ಹೇಳಿದ್ದು ಒಂದೇ ಮಾತು: ಬಿಸಿಲಿಗೆ ಹಾಕು ತಾಯಿ.

ಹಟ ಹಿಡಿಯುವುದಾದರೆ ಹಗ್ಗದ ಬಗ್ಗೆಯೂ ಹಿಡಿಯಿರಿ ಅಕ್ಕಾ.

ಅಡಿಕೆ ಸಿಪ್ಪೆ:

ಈ ಮಾತಿಗೆ ಒಂದು ಬಾಲಂಗೋಚಿ. ಹುಡುಗರಿಗೂ ಆ ವಯಸ್ಸಲ್ಲಿ ತಮ್ಮ ಒಳಬಟ್ಟೆ ಅಮ್ಮನೋ ಅಜ್ಜಿಯೋ ಒಗೆಯುವುದು ಒಳಗೊಳಗೇ ಮುಜುಗರ. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಸ್ನಾನ ಮಾಡುವಾಗ ಅದನ್ನು ಒಗೆದೇ ಹೊರಗೆ ಬಾ ಅಂತ ಅಪ್ಪ ಹೇಳಬೇಕು. ಅಮ್ಮ ಅಲ್ಲ, ಅಪ್ಪ. ದಿನಕ್ಕೆ ಎರಡು ನಿಮಿಷದ ಕೆಲಸ, ಇದಕ್ಕೆ ನೀರು ಬರುವ ದಿನ ಕಾಯಬೇಕಾಗಿಲ್ಲ, ಪರೀಕ್ಷೆಗೂ ಅಡ್ಡ ಬರುವುದಿಲ್ಲ.

ಹುಬ್ಬಳ್ಳಿ ಟೀಚರ್:

ಇಷ್ಟು ದಿನ ಉತ್ತರ ಬರೆಯಲಿಲ್ಲ, ಕ್ಷಮಿಸಿ. "ಧಾರವಾಡ ಮಳಿ" ಕೇಳಿದ ಪ್ರಶ್ನೆ ಓದಿ ಮೊದಲು ಸಿಟ್ಟು ಬಂತು, ನಿಜ ಹೇಳುತ್ತೇನೆ. ಆಮೇಲೆ ಮಗಳನ್ನು ಕರೆದು ಕೇಳಿದೆ.

ಹೋದ ವರ್ಷದಿಂದ ತನ್ನ ಬಟ್ಟೆಯಲ್ಲಿ ಅರ್ಧದಷ್ಟು ಅವಳೇ ಒಗೆದುಕೊಳ್ಳುತ್ತಿದ್ದಾಳೆ. ಮೆಷಿನ್‌ಗೆ ಅವಳದ್ದು ಕಡಿಮೆ ಬರುತ್ತಿದೆ ಅಂತ ನನಗೆ ಹೊಳೆಯಲೇ ಇಲ್ಲ. ದಿನಾ ಮಕ್ಕಳ ಮುಖ ನೋಡಿ ಯಾರು ಊಟ ಮಾಡಿಲ್ಲ ಅಂತ ಕಂಡುಹಿಡಿಯುವ ಟೀಚರ್ ನಾನು. ಎಲ್ಲಿ ಒಣಗಿಸುತ್ತೀ ಅಂದೆ. ಮೆಟ್ಟಿಲ ಕೆಳಗೆ, ಹಳೇ ಸೈಕಲ್ ಹಿಂದೆ ಕರೆದುಕೊಂಡು ಹೋಗಿ ತೋರಿಸಿದಳು. ಒಂದು ದಾರ ಕಟ್ಟಿಕೊಂಡಿದ್ದಾಳೆ. ಅಲ್ಲಿ ಒಂದು ಹೊತ್ತೂ ಬಿಸಿಲು ಬೀಳುವುದಿಲ್ಲ. "ಅಜ್ಜಿ ಹೇಳ್ಯಾಳ, ಅಣ್ಣಗ ಕಾಣಬಾರ್ದಂತ" ಅಂದಳು.

ಅತ್ತೆಯ ಜೊತೆ ಜಗಳ ಆಡಲಿಲ್ಲ. ಅವರೂ ಹಾಗೇ ಬೆಳೆದವರು, ಅವರ ಕಾಲದಲ್ಲಿ ದಾರವಾದರೂ ಇತ್ತೋ ಇಲ್ಲವೋ. ಆದರೆ ಹಿತ್ತಲಿನ ಕಲ್ಲಿನ ಮೇಲೆ ತುಳಸಿ ಕುಂಡ, ದಾಸವಾಳದ ಕುಂಡ ಎರಡನ್ನೂ ಎತ್ತಿ ಇಟ್ಟಿದ್ದೇನೆ. ತುಳಸಿ ಸರಿಸಿ ಅವರು ಬಟ್ಟೆ ಒಗೆಯುವುದಿಲ್ಲ, ಅಷ್ಟು ಗೊತ್ತು ನನಗೆ.

ಸರದಿಯ ಲೆಕ್ಕ ಹಿಡಿಸಿತು. ನೀರು ಬಂದ ದಿನ ತುಂಬಿಸುವುದು ಮನೆಯವರು, ಮೆಷಿನ್ ನೋಡಿಕೊಳ್ಳುವುದು ಒಮ್ಮೆ ಮಗ, ಒಮ್ಮೆ ನಾನು. ಮಗಳು ಸದ್ಯಕ್ಕೆ ಬರೀ ಮಡಚಲಿ, ಅವಳು ಒಂದು ವರ್ಷದ ಕೆಲಸ ಮುಂಗಡ ಮಾಡಿಟ್ಟಿದ್ದಾಳೆ. ಮನೆಯವರು "ಮತ್ತ ಪರೀಕ್ಷಾ?" ಅಂದರು. ಆರು ದಿನಕ್ಕೆ ಒಂದು ತಾಸು ಹೋದರೆ ಫೇಲ್ ಆಗುವವನು ಆ ಒಂದು ತಾಸು ಓದಿದರೂ ಫೇಲೇ ಆಗುತ್ತಾನೆ ಅಂದೆ. ಇದು ಸ್ವಲ್ಪ ಜಾಸ್ತಿ ಆಯಿತೇನೋ.

ತಾರಸಿ ಮೇಲೆ ಹೊಸ ಹಗ್ಗ ಕಟ್ಟಿಸಿದೆ. ಎಲ್ಲರದ್ದೂ ಅದರ ಮೇಲೆಯೇ. ಮೊದಲ ದಿನ ಮಗ ಮೇಲೆ ಹೋದವನು ತಲೆ ತಗ್ಗಿಸಿಕೊಂಡು ಇಳಿದು ಬಂದ. ಎರಡನೇ ಸಲ ಮೋಡ ಕವಿದಾಗ ಓಡಿಹೋಗಿ ಎಲ್ಲವನ್ನೂ ಗುಡ್ಡೆ ಹಾಕಿಕೊಂಡು ಬಂದ, ಯಾರದ್ದು ಅಂತ ನೋಡಲಿಲ್ಲ. ಅತ್ತೆ ನೋಡಿದರು. ಏನೂ ಅನ್ನಲಿಲ್ಲ.

ಒಂದು ತುರ್ತು ಪ್ರಶ್ನೆ. ಅವನ ಸರದಿಯಲ್ಲಿ ಜೇಬು ನೋಡಿಲ್ಲ. ಮನೆಯವರ ಬಿಳಿ ಅಂಗಿಗೆ ಬಾಲ್‌ಪೆನ್ ಇಂಕು ಅಂಗೈಯಗಲ ಹತ್ತಿದೆ. ಏನು ಹಚ್ಚಬೇಕು?

ಮೂರನೇ ಮಹಡಿ:

ಕೊರೋನಾ ಕಾಲದ ಸ್ಯಾನಿಟೈಸರ್ ಎಲ್ಲಾದರೂ ಉಳಿದಿದ್ದರೆ ಹಾಕಿ. ಕಲೆಯ ಕೆಳಗೆ ಹಳೇ ಬಟ್ಟೆ ಇಟ್ಟು ಮೇಲಿಂದ ಹತ್ತಿಯಲ್ಲಿ ಒತ್ತಿ, ತಿಕ್ಕಬೇಡಿ, ಹರಡುತ್ತೆ. ಕೆಳಗಿನ ಬಟ್ಟೆ ಬದಲಾಯಿಸುತ್ತಾ ಇರಿ. ಪೂರ್ತಿ ಹೋಗುವ ತನಕ ಇಸ್ತ್ರಿ ಮುಟ್ಟಿಸಬೇಡಿ. ನೀವು ಮಾಡಬೇಡಿ, ಅವನ ಕೈಲಿ ಮಾಡಿಸಿ.

ಸಿಂಪಲ್ ಮನುಷ್ಯ:

ಸ್ಯಾನಿಟೈಸರ್ ವಿಷಯ ನನಗೂ ಗೊತ್ತಿರಲಿಲ್ಲ. ಬಣ್ಣದ ಅಂಗಿಗೂ ನಡೆಯುತ್ತಾ? ನನ್ನದೊಂದು ಇದೆ, ಹೆಂಡತಿಗೆ ಇನ್ನೂ ತೋರಿಸಿಲ್ಲ.